ಅತ್ತೆಯ ತೊಡೆ ಮೇಲಿನ ಮೊಸರು

ಮೈಸೂರಿನಿಂದ ಬಂದವಳಿಗೆ ಬೆಂಗಳೂರಿನಲ್ಲಿ ಸಿಕ್ಕ ಮರ್ಯಾದೆಯನ್ನು ಮಲ್ಲೇಶ್ವರದ ಈ ಜಗಲಿಯಲ್ಲಿ ಕೂತು ಈಗಲೇ ಬರೆದಿಡುತ್ತೇನೆ.

ಇಲ್ಲಿನ ನೆಂಟರ ಮನೆಯ ಸೀಮಂತಕ್ಕೆ ಬಸವನಗುಡಿಯ ಸೋದರತ್ತೆ ಒಂದು ಪಾತ್ರೆ ಗಟ್ಟಿ ಮೊಸರು ತರಬೇಕಿತ್ತು. ಅವರ ಮಗ ಅನಂತ ಅಮ್ಮನಿಗೆಂದು ಕಾರು ಬಿಟ್ಟು, ಚಪ್ಪರದ ಕೆಲಸಕ್ಕೆ ಬೆಳಿಗ್ಗೆಯೇ ಬಸ್ಸಿನಲ್ಲಿ ಹೋಗಿದ್ದ. ಹಾಗಾಗಿ ಅವನ ಸ್ಪೋರ್ಟ್ಸ್ ಕಾರು ನನ್ನ ಕೈಗೆ ಬಂತು. ಅಪ್ಪನ ಹಳೆಯ ಕಾರಿನಲ್ಲಿ ಪಳಗಿದ ಕೈ ನನ್ನದು.

"ಮೊಸರು ಒಡೆದು ಮಜ್ಜಿಗೆ ಆದ್ರೆ ನಿನ್ನ ತಲೆ ಮೇಲೇ ಸುರೀತೀನಿ," ಎನ್ನುತ್ತ ಅತ್ತೆ ಪಾತ್ರೆಯನ್ನು ತೊಡೆ ಮೇಲಿಟ್ಟುಕೊಂಡು ಕೂತರು.

ಓಕಳಿಪುರದ ಹತ್ತಿರ ಎತ್ತಿನಗಾಡಿಯೊಂದು ಅಡ್ಡ ಬಂತು. ಗೇರು ಇಳಿಸುವಾಗ ಕಾರು ಜಗ್ಗದಿರಲೆಂದು ಕ್ಲಚ್ ಒತ್ತಿ ಮೊದಲು ನ್ಯೂಟ್ರಲ್‌ಗೆ ತಂದೆ. ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಚೂರೇ ತುಳಿದು, ಮತ್ತೆ ಕ್ಲಚ್ ಒತ್ತಿದೆ. ಸೆಕೆಂಡ್ ಗೇರು ಸದ್ದಿಲ್ಲದೆ ಕೂತಿತು. ಅತ್ತೆಯ ಬಳೆಗಳೂ ಸದ್ದು ಮಾಡಲಿಲ್ಲ.

ಮಲ್ಲೇಶ್ವರದಲ್ಲಿ ಇಳಿದ ಕೂಡಲೇ ಅತ್ತೆ ಮುಚ್ಚಿದ್ದ ತಟ್ಟೆ ಸರಿಸಿ ನೋಡಿದರು. ಕೆನೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅನಂತ ಬಂದು ಕೈ ಚಾಚಿದ. "ಕೀ ಕೊಡು. ಸಾಯಂಕಾಲ ಅಮ್ಮನ್ನ ನಾನೇ ಕರ್ಕೊಂಡ್ ಹೋಗ್ತೀನಿ."

ಅತ್ತೆ ನನ್ನ ಕೈಯಲ್ಲಿದ್ದ ಕೀ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಕಾರಲ್ಲಿರೋದು ಎರಡೇ ಸೀಟು ಕಣೋ. ನೀನು ಬಸ್ಸಲ್ಲಿ ಬಂದ್ಬಿಡು."