ಎಡಚರ ಗ್ಲೌಸ್

ಕೆ.ಆರ್. ಪುರದ ತೂಗುಸೇತುವೆ ಇನ್ನೂ ಏಳದ ದಿನಗಳು. ಟಿನ್ ಫ್ಯಾಕ್ಟರಿ ಹಿಂದಿನ ಬಾಡಿಗೆ ಕೋಣೆಯಿಂದ ಬರುತ್ತಿದ್ದ ಆ ಹುಡುಗಿ ನಮ್ಮ ಸಾಫ್ಟ್‌ಬಾಲ್ ತಂಡದಲ್ಲಿ ಒಬ್ಬಳೇ ಎಡಚಿ. ಅಪ್ಪ ಅಮ್ಮ ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ನಮ್ಮಲ್ಲಿದ್ದ ಗ್ಲೌಸ್‌ಗಳೆಲ್ಲ ಎಡಗೈಗೆ ಹಾಕುವಂಥವು. ಹಾಕಿಕೊಂಡರೆ ಚೆಂಡು ಎಸೆಯಲು ಉಳಿಯುವುದು ಬಲಗೈ ಮಾತ್ರ. ಹಾಗಾಗಿ ಅವಳು ಬಲಗೈಯಲ್ಲಿ ಎಸೆಯುವುದನ್ನು ಹೊಸದಾಗಿ ಕಲಿತಳು. ಮೊದಮೊದಲು ಚೆಂಡು ಅವಳ ಕಾಲ ಬಳಿಯೇ ಬೀಳುತ್ತಿತ್ತು. ಉಳಿದವರು ನಗುತ್ತಿದ್ದರು. ಅವಳು ಮೂಗಿನ ಬೆವರನ್ನು ತೋಳಿಗೆ ಒರೆಸಿಕೊಂಡು, "ಇನ್ನೊಂದ್ ಒಗಿ, ಅಕ್ಕಾ" ಎನ್ನುತ್ತಿದ್ದಳು. ಹಲಸೂರಿನ ಮೈದಾನದಲ್ಲಿ ಎರಡು ವರ್ಷ ನಾನು ಚೆಂಡು ಎಸೆದೆ, ಅವಳು ಹಿಡಿದು ತಿರುಗಿ ಎಸೆದಳು.

ರಾಜ್ಯ ತಂಡದ ಆಯ್ಕೆ ಪಂದ್ಯದ ದಿನ, ಕ್ಯಾಪ್ಟನ್ ಆಗಿದ್ದ ನಾನು ದೊಡ್ಡ ಉಪಕಾರ ಮಾಡುವವಳಂತೆ ಬೇರೆ ತಂಡದಿಂದ ಎಡಚರ ಗ್ಲೌಸ್ ಕೇಳಿ ತಂದೆ.

"ಈಗ್ಯಾಕಕ್ಕಾ? ಬಲಗೈ ರೂಢಿ ಆಗ್ಯಾದಲ್ಲ" ಎಂದಳು.

"ಸುಮ್ನೆ ಹಾಕ್ಕೊಳೇ. ಎಡಗೈಲಿ ಎಸೆದ್ರೆ ಇನ್ನೂ ದೂರ ಹೋಗುತ್ತೆ" ಎಂದು ನಾನೇ ಅವಳ ಬಲಗೈಗೆ ತೊಡಿಸಿದೆ.

ಎತ್ತರಕ್ಕೆ ಹಾರಿದ ಚೆಂಡನ್ನು ಅವಳು ಓಡಿಹೋಗಿ ಹಿಡಿದಳು. ಬೇಸ್‌ನಲ್ಲಿ ಕಾದಿದ್ದ ಇನ್ನೊಬ್ಬ ಎದುರಾಳಿ ಹುಡುಗಿ ಆಗ ರನ್ನಿಗಾಗಿ ಓಡತೊಡಗಿದಳು. ಎಸೆಯಲು ನಮ್ಮ ಹುಡುಗಿಯ ಬಲಗೈಯೇ ಮೇಲೆದ್ದಿತು, ಗ್ಲೌಸ್ ಸಮೇತ. ಚೆಂಡು ಅದರೊಳಗೇ ಉಳಿಯಿತು.

ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಬಂದಳು. ಮಣ್ಣು ಒರೆಸಿದ ಆ ಗ್ಲೌಸನ್ನು ನನಗೆ ಕೊಟ್ಟು, ಹಳೆಯದನ್ನು ಎಡಗೈಗೆ ಹಾಕಿಕೊಂಡು ದೂರ ಹೋಗಿ ನಿಂತಳು.

"ಇನ್ನೊಂದ್ ಒಗಿ, ಅಕ್ಕಾ."

ನನ್ನ ಕೈ ಮೇಲೇಳಲಿಲ್ಲ.