ನನ್ನ ಬೀಗತಿ ಮತ್ತು ಎರಡು ಗಿನಿ ಹಂದಿಗಳು

ಅವರ ಬಲ ಮುಂಗೈ ಮೇಲೆ ಹಸಿರು ಹಚ್ಚೆಯ ಚೇಳೊಂದಿತ್ತು. ವಯಸ್ಸಾಗಿ ಚರ್ಮ ಸುಕ್ಕುಗಟ್ಟಿ, ಅದರ ಕೊಂಡಿ ಮಡಿಕೆಯೊಳಗೆ ಮುಚ್ಚಿಹೋಗಿತ್ತು. ನನ್ನ ಮೊಮ್ಮಗಳು ಅವರ ಮಡಿಲಲ್ಲಿ ಕೂತು ಎರಡು ಹೆಬ್ಬೆರಳಿನಿಂದ ಚರ್ಮ ಹಿಗ್ಗಿಸಿ ಆ ಕೊಂಡಿ ಹುಡುಕುತ್ತಿದ್ದಳು. ಸಿಕ್ಕ ಕೂಡಲೇ ಅಜ್ಜಿ "ಅಯ್ಯಯ್ಯೋ, ಕುಟುಕ್ತು!" ಎಂದು ಕಿರುಚಬೇಕು. ಮಗು ಕೇಳಿದಷ್ಟು ಸಲ ಕಿರುಚುತ್ತಿದ್ದರು. ಇಷ್ಟನ್ನು ಬರೆಯುವುದು ಸುಲಭ. ಮುಂದಿನದನ್ನು ಹೇಳದೆ ನಾನು ವರ್ಷಗಟ್ಟಲೆ ತಳ್ಳಿಕೊಂಡು ಬಂದಿದ್ದೇನೆ.

ಅವರು ನನ್ನ ಸೊಸೆಯ ತಾಯಿ. ಮೊಳಕಾಲ್ಮುರಿನವರು. ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಸುತ್ತಿಕೊಟ್ಟೇ ಮಗಳಿಗೆ ನರ್ಸಿಂಗ್ ಓದಿಸಿದವರು. ನನ್ನ ಹೆಂಡತಿ ತೀರಿಕೊಂಡ ಮೇಲೆ, ಚಳ್ಳಕೆರೆಯ ನಮ್ಮ ಮನೆಯಲ್ಲಿ ಮಗು ನೋಡಿಕೊಳ್ಳುವವರಿಲ್ಲವೆಂದು ಬಂದು ನಿಂತರು. ಮಗಳನ್ನು ಕೊಟ್ಟ ಮನೆಯಲ್ಲಿ ಉಳಿಯುವುದೆಂದರೆ ಅವರಿಗೆ ಮುಳ್ಳಿನ ಮೇಲೆ ಕೂತ ಹಾಗೆ. ನಾನು ಉಂಡ ಮೇಲೆಯೇ ಉಣ್ಣುವರು. ನನ್ನೆದುರು ಕುರ್ಚಿಯಲ್ಲಿ ಕೂರರು. ನನ್ನ ಜೊತೆ ನೇರ ಮಾತಂತೂ ಇಲ್ಲವೇ ಇಲ್ಲ. ಹೇಳುವುದೇನಿದ್ದರೂ ಮೊಮ್ಮಗಳ ಮೂಲಕ.

"ಬುಜ್ಜಿ, ನಿಮ್ಮ ತಾತನ್ನ ಕೇಳು, ಮಜ್ಜಿಗೆ ಹಾಕ್ಲಾ ಅಂತ."

ನಾನು ಅಲ್ಲೇ ತಟ್ಟೆ ಮುಂದೆ ಕೂತಿರುತ್ತಿದ್ದೆ. "ಸಾಕು ಅಂತ ಹೇಳವ್ವ" ಎನ್ನುತ್ತಿದ್ದೆ.

ಮಗು ಅತ್ತಿಂದಿತ್ತ ಮಾತು ಸಾಗಿಸುತ್ತ ನಡುವೆ ತನ್ನದನ್ನೂ ಸೇರಿಸುತ್ತಿತ್ತು. "ತಾತಂಗೆ ಸಾಕಂತೆ. ಬುಜ್ಜಿಗೆ ಇನ್ನೊಂದು ಹಪ್ಪಳ ಹಾಕ್ಬೇಕಂತೆ."

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಮಗ ದಾವಣಗೆರೆಯಿಂದ ತೂತು ಕೊರೆದ ರಟ್ಟಿನ ಪೆಟ್ಟಿಗೆ ತಂದ. ಒಳಗೆ ಎರಡು ಗಿನಿ ಹಂದಿಗಳು. ಇಲಿಗಿಂತ ದೊಡ್ಡವು, ಮೊಲಕ್ಕಿಂತ ಸಣ್ಣವು, ಬಾಲವಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಬೀಗತಿ ಬಗ್ಗಿ ನೋಡಿ ಸೆರಗು ಬಾಯಿಗಿಟ್ಟುಕೊಂಡರು.

"ದೇವುಡಾ! ಬುಜ್ಜಿ, ನಿಮ್ಮ ತಾತನ್ನ ಕೇಳು, ಚಳ್ಳಕೆರೆಯಾಗೆ ಹೆಗ್ಗಣ ಮುಗಿದೋಗಿದ್ವಾ, ದುಡ್ಡು ಕೊಟ್ಟು ತರ್ಸಾಕೆ?"

ವಾರ ಕಳೆಯುವಷ್ಟರಲ್ಲಿ ಅವೇ ಅವರ ಮಡಿಲು ಸೇರಿದವು. ಕೊತ್ತಂಬರಿ ಕಟ್ಟು ಬಿಚ್ಚುವ ಸಪ್ಪಳಕ್ಕೇ ಕುಯ್ ಕುಯ್ ಎಂದು ಸಿಳ್ಳೆ ಹಾಕುತ್ತಿದ್ದವು. ಬೀಗತಿ ಅವಕ್ಕೆ ಅಳಿಯಂದಿರು ಎಂದು ಹೆಸರಿಟ್ಟರು. "ತಿಂತಾವೆ, ಮಲಗ್ತಾವೆ, ಬಡ್ಸೋದು ತಡ ಆದ್ರೆ ಕೂಗ್ತಾವೆ. ಅಳಿಯಂದ್ರಲ್ದೆ ಇನ್ನೇನು?" ನನ್ನ ಮಗನೂ ಬಿದ್ದು ಬಿದ್ದು ನಕ್ಕ. ಶಾಲೆಯಿಂದ ಬಂದ ಮಗು, ಅಜ್ಜಿ, ಆ ಎರಡು ಪ್ರಾಣಿ, ನಾಲ್ಕೂ ಒಂದೇ ಚಾಪೆಯ ಮೇಲೆ ಇರುತ್ತಿದ್ದವು.

ಬೇಸಿಗೆ ಶುರುವಾಗುವಾಗ ಅವು ಮೈ ಕೆರೆದುಕೊಳ್ಳತೊಡಗಿದವು. ಅಲ್ಲಲ್ಲಿ ಕೂದಲು ಉದುರಿತು. ದನದ ಆಸ್ಪತ್ರೆಯಲ್ಲಿ ಕೇಳಿದೆ. "ಇಂಥವು ನಮ್ಮಲ್ಲಿಗೆ ಬರಲ್ಲ, ಚಿತ್ರದುರ್ಗದಲ್ಲಿ ತೋರ್ಸಿ" ಅಂದರು.

"ಬುಜ್ಜಿ, ತಾತಂಗೆ ಹೇಳು, ದುರ್ಗಕ್ಕೆ ಹೋಗಾನ, ಬುಟ್ಟಿ ನಾನು ಹಿಡ್ಕೊಂತೀನಿ ಅಂತ."

"ಹೆಗ್ಗಣಕ್ಕೆ ಟಿಕೆಟ್ ತಗೊಂಡ್ರೆ ಬಸ್ಸಿನಾಗೆ ಜನ ನಗ್ತಾರೆ ಅಂತ ನಿಮ್ಮಜ್ಜಿಗೆ ಹೇಳು" ಅಂದೆ.

ನಾನು ನನ್ನಿವಾಳದ ಕಡೆ ಕುರಿ ಮಂದೆಯಲ್ಲೇ ಬೆಳೆದವನು. ಹತ್ತನೇ ಕ್ಲಾಸು ಮುಗಿಸಿ ಎಣ್ಣೆ ಮಿಲ್ಲಿಗೆ ಸೇರಿದರೂ, ಕುರಿ ಮೈಗೆ ಹೇನು ಹತ್ತಿದರೆ ಏನು ಮಾಡಬೇಕೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಗು ಶಾಲೆಗೆ ಹೋದ ಮೇಲೆ ಕುರಿ ತೊಳೆಯುವ ಔಷಧಿ ತಂದು ಬಕೆಟ್ಟಿನಲ್ಲಿ ಕಲಸಿದೆ. ಎಂದಿನ ಕೈ ಅಂದಾಜು. ಬೀಗತಿ ಹಿತ್ತಲ ಬಾಗಿಲಲ್ಲಿ ನಿಂತರು. ಮಗು ಮನೆಯಲ್ಲಿಲ್ಲ; ಆದ್ದರಿಂದ ನನ್ನ ಕೈಯಲ್ಲಿದ್ದ ಪ್ರಾಣಿಗೇ ಹೇಳಿದರು.

"ಅಳಿಯಪ್ಪಾ, ಘಾಟು ಜಾಸ್ತಿ ಐತಲ್ಲೋ, ತಡ್ಕೊಂತೀಯಾ?"

"ಕುರಿಗಳೇ ತಡ್ಕೊಂತಾವೆ ಅಂತ ಹೇಳಪ್ಪಾ" ಎಂದು ನಾನೂ ಅದಕ್ಕೇ ಹೇಳಿ, ಎರಡನ್ನೂ ಕುತ್ತಿಗೆತನಕ ಅದ್ದಿ ತೆಗೆದೆ.

ಮಧ್ಯಾಹ್ನದ ಹೊತ್ತಿಗೆ ನಡುಕ ಶುರುವಾಯಿತು. ಬಾಯಲ್ಲಿ ಜೊಲ್ಲು. ಬೀಗತಿ ನೀರು ಹೊಯ್ದು ಹೊಯ್ದು ತೊಳೆದರು, ಒರೆಸಿದರು, ಹತ್ತಿ ಅದ್ದಿ ಬಾಯಿಗೆ ನೀರು ಬಿಟ್ಟರು. ನೀರು ಹೊರಗೇ ಬರುತ್ತಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆ. ಕೈಗಳಿದ್ದವು, ಮಾಡಲು ಏನೂ ಇರಲಿಲ್ಲ. ಒಂದು ಆಗಲೇ ಹೋಯಿತು. ಇನ್ನೊಂದು, ಮೊಮ್ಮಗಳು ಬ್ಯಾಗು ಹೊತ್ತು ಒಳಗೆ ಬಂದಾಗ, ಅವರ ಮಡಿಲಲ್ಲಿ ಕಾಲು ಒದರುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ನಿಂತುಹೋಯಿತು.

"ಏನಾಯ್ತು? ಯಾರೇನ್ ಮಾಡಿದ್ರಿ?" ಎಂದು ಮಗು ಚೀರಿತು.

ನಾನು ಅಂದೆ: "ಬೆಳಿಗ್ಗೆ ನಿಮ್ಮಜ್ಜಿ ಯಾವುದೋ ಸೊಪ್ಪು ತಿನ್ಸಿತ್ತಲ್ಲವ್ವ..."

ಅಷ್ಟೇ. ಯೋಚಿಸಿ ಆಡಿದ ಮಾತಲ್ಲ. ಆದರೆ ಆಡಿದ ಮೇಲೆ ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಬೀಗತಿ ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದರು. ಮಗಳ ಮನೆಯಲ್ಲಿ ಬೀಗರ ಮಾತನ್ನು ಸುಳ್ಳೆನ್ನುವುದು ಅವರಿಂದಾಗದ ಕೆಲಸ. ಅದು ನನಗೆ ಗೊತ್ತಿತ್ತು. ಸಂಜೆ ಸೊಸೆ ಬಂದು, "ನಿನಗ್ಯಾಕೆ ಬೇಕಿತ್ತವ್ವ ಇಲ್ಲದ ಉಸಾಬರಿ" ಎಂದು ಬೈದಾಗಲೂ, "ನನಗೆ ತಿಳೀಲಿಲ್ಲಮ್ಮ" ಎಂದರು.

ಅಂದಿನಿಂದ ಮಗು ಅವರ ಪಕ್ಕ ಮಲಗಲಿಲ್ಲ, ಕರೆದರೆ ಓಗೊಡಲಿಲ್ಲ. ನಮ್ಮ ಮನೆಯಲ್ಲಿ ಅವರಿಗೆ ಮಾತೇ ನಿಂತುಹೋಯಿತು. ಕೆಲವು ದಿನ ನೋಡಿ ಬಟ್ಟೆ ಗಂಟು ಕಟ್ಟಿದರು. ಹೊರಡುವಾಗ ಹೊಸಿಲಲ್ಲಿ ನಿಂತು, ಮೊದಲ ಸಲ ನನ್ನ ಕಡೆಗೇ ತಿರುಗಿ ಮಾತಾಡಿದರು: "ಬರ್ತೀನಿ ಬೀಗರೇ. ಆ ಔಷಧಿ ಬಾಟ್ಲಿ ಹಿತ್ತಲ ಗೂಡಿನಾಗೇ ಐತೆ. ತೆಗೆದು ಬಿಸಾಕ್ರಿ, ಮಗು ಮುಟ್ಟೀತು." ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಒಮ್ಮೆ ಹೇಳಿಯೇ ಬಿಡಬೇಕೆಂದು ಮೊಳಕಾಲ್ಮುರಿಗೆ ಹೋದೆ. ಅವರು ನನಗೆ ಕುರ್ಚಿ ಹಾಕಿ, ಟೀ ಇಟ್ಟು, ಬಾಗಿಲ ಮರೆಯಲ್ಲಿ ನಿಂತರು. ನಡುವೆ ಮಾತು ಸಾಗಿಸಲು ಮಗು ಇರಲಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದು ಬರುತ್ತಿತ್ತು. "ಟೀ ಆರ್ತೈತೆ" ಎಂದಿತು ಒಳಗಿನ ದನಿ. ಕುಡಿದೆ. ಲೋಟ ಕೆಳಗಿಟ್ಟು, "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದು ಬಂದೆ.

ಹೋದ ವರ್ಷ ಅವರು ತೀರಿಕೊಂಡರು. ಮೊಮ್ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಹೆಣ ಎತ್ತುವ ಮುನ್ನ ನನ್ನ ತೋಳು ಹಿಡಿದು ಅತ್ತಳು. "ತಾತ, ಗಿನಿಪಿಗ್ ವಿಷ್ಯಕ್ಕೆ ನಾನು ಅಜ್ಜೀನ ಯಾವಾಗ್ಲೋ ಕ್ಷಮಿಸಿದ್ದೆ. ಅಜ್ಜಿ ಬೇಕಂತ ಮಾಡಿದ್ದಲ್ಲ. ಒಂದ್ಸಲ ಅಜ್ಜಿಗೆ ಅದನ್ನ ಹೇಳ್ಬೇಕಿತ್ತು. ಹೇಳ್ಲೇ ಇಲ್ಲ."

ಆಗಲಾದರೂ ಬಾಯಿ ತೆರೆಯಬೇಕಿತ್ತು. ಸೊಸೆ ಪಕ್ಕದಲ್ಲಿದ್ದಳು, ಮಗನಿದ್ದ, ಅವರ ಬಳಗವೆಲ್ಲ ನಿಂತಿತ್ತು. "ಅಳ್ಬೇಡವ್ವ" ಎಂದು ಅವಳ ತಲೆ ಸವರಿದೆ.

ಇದನ್ನು ಮೊದಲು ಓದಬೇಕಾದವಳು ಅವಳೇ. ಓದಿದ ಮೇಲೆ ನನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ ತಿಳಿಯದು. ಆ ಸೊಪ್ಪು ಬರೀ ಕೊತ್ತಂಬರಿ. ಔಷಧಿ ಹಾಕಿದವನು ನಾನು, ಸುಳ್ಳಾಡಿದವನೂ ನಾನು. ಅದನ್ನು ಹೊತ್ತುಕೊಂಡೇ ಹೋದವರು, ನಾನು ಯಾರಲ್ಲಿ ಒಮ್ಮೆಯೂ ಕ್ಷಮೆ ಕೇಳಲಿಲ್ಲವೋ ಅವರು, ಅವಳ ಅಜ್ಜಿ, ನನ್ನ ಬೀಗತಿ.