ಕೆಳರೆಪ್ಪೆಯ ಬಣ್ಣ

ಡಾಕ್ಟರ ಬಲಗೈಯ ಎರಡು ಬೆರಳು ಯಾವಾಗಲೂ ನೇರಳೆ ಬಣ್ಣದಲ್ಲಿರುತ್ತಿದ್ದವು. ದನಗಳ ಗಾಯಕ್ಕೆ ಹಚ್ಚುವ ಔಷಧದ ಕಲೆ ಅದು, ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಎಡಗೈ ಹೆಬ್ಬೆರಳಿನ ಉಗುರಿಗೆ ಮಾತ್ರ ದಿನಕ್ಕೊಂದು ಬಣ್ಣ: ಒಂದು ದಿನ ಪಾಚಿ ಹಸಿರು, ಇನ್ನೊಂದು ದಿನ ಇಟ್ಟಂಗಿ ಕೆಂಪು. ಕುಂಚದಲ್ಲಿ ಬಣ್ಣ ಎಷ್ಟು ತೆಳುವಾಗಿದೆ ಎಂದು ಮೊದಲು ಆ ಉಗುರಿನ ಮೇಲೆ ಎಳೆದು ನೋಡುವುದು ಅವರ ಪದ್ಧತಿ. ಎಮ್ಮೆ ಹೊಡೆದುಕೊಂಡು ಬಂದ ರಾವೂರಿನ ರೈತನೊಬ್ಬ ಒಮ್ಮೆ ಆ ಉಗುರನ್ನೇ ದಿಟ್ಟಿಸಿ, “ಸಾಹೇಬ್ರ, ಈ ಹಸರ ಔಷಧ ಭಾಳ ತೇಜ್ ಇರ್ತದೇನ್ರಿ? ನಮ್ಮ ಎಮ್ಮಿಗೂ ಅದನ್ನ ಹಚ್ರಿ” ಎಂದ. “ಅದು ಈ ಭೂಮಿ ಮ್ಯಾಲಿನ ದನಕ್ಕಲ್ಲಪ್ಪ” ಎಂದು ಇವರು ನಗದೆ ಉತ್ತರ ಕೊಟ್ಟರು.

ಅವರು ಚಿತ್ತಾಪುರದ ಕಡೆಯ ದನದ ಡಾಕ್ಟರು, ಮನೆ ವಾಡಿಯಲ್ಲಿ. ನಾನು ಸೇಡಂನವಳು. ನಾಲವಾರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಇರುವುದು ವಾಡಿಯ ಬಾಡಿಗೆ ಮನೆಯಲ್ಲಿ. ಹೈದರಾಬಾದಿನಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯಿಂದ ನನಗೊಂದು ಹುಚ್ಚು ಅಂಟಿತ್ತು. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳ ಸೈನ್ಯ ಕಟ್ಟಿ, ಮೇಜಿನ ಮೇಲೆ ಟೇಪಿನಿಂದ ಅಳೆದು ಮುಂದೆ ಸರಿಸಿ, ದಾಳ ಉರುಳಿಸಿ ಆಡುವ ಯುದ್ಧದಾಟ. ಯುದ್ಧ ನಡೆಯುವುದು ಬೇರೆ ಗ್ರಹಗಳಲ್ಲಿ, ಸೈನಿಕರೂ ಅಲ್ಲಿಯ ವಿಚಿತ್ರ ಜೀವಗಳು. ಗೊಂಬೆಗಳು ಬೂದು ಬಣ್ಣದ ಬಿಡಿ ತುಂಡುಗಳಾಗಿ ಬರುತ್ತವೆ. ಅಂಟಿಸುವುದು, ಬಣ್ಣ ಹಚ್ಚುವುದು ಆಡುವವರ ಕೆಲಸ. ಆಟಕ್ಕೆ ಇಬ್ಬರು ಬೇಕು. ವಾಡಿಯಲ್ಲಿ ನಾನೊಬ್ಬಳೇ ಇದ್ದೆ.

ಎರಡನೆಯವರು ರೈಲಿನಲ್ಲಿ ಸಿಕ್ಕರು. ಆರು ಕಾಲಿನ ಹೊಸ ಗೊಂಬೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದೆ. ಎದುರಿಗೆ ಕುಳಿತಿದ್ದವರು ಜೇಬಿನಿಂದ ಕನ್ನಡಕ ತೆಗೆದು, “ಜರಾ ಕೊಡ್ರಿ ಇಲ್ಲಿ” ಎಂದು ಕೈ ಚಾಚಿದರು. ಗೊಂಬೆಯನ್ನು ಮಗುಚಿ ಹೊಟ್ಟೆ ನೋಡಿದರು, ತೊಡೆಯ ಸಂದಿನಲ್ಲಿ ಉಗುರಾಡಿಸಿದರು, ಬಾಯಿ ಪರೀಕ್ಷಿಸಿದರು.

“ಇದು ಏನು ತಿಂತದರಿ?”

“ಗೊತ್ತಿಲ್ರಿ. ಬ್ಯಾರೆ ಗ್ರಹದ್ದು.”

“ಬ್ಯಾರೆ ಗ್ರಹದ್ದಾದ್ರ ಉಪವಾಸ ಇರ್ತದೇನು?”

ನನಗೆ ಸಿಟ್ಟು ಬಂತು. ಆದರೆ ಆ ರಾತ್ರಿಯೇ ಗೊಂಬೆಯ ಹಲ್ಲುಗಳನ್ನು ಮತ್ತೊಮ್ಮೆ ನೋಡಿದೆ. ಮುಂದಿನ ಭಾನುವಾರ ಅವರ ಮನೆಯ ವರಾಂಡದಲ್ಲಿದ್ದೆ. ಎರಡು ಡ್ರಮ್ಮಿನ ಮೇಲೆ ಹಾಸಿದ ಶಹಾಬಾದ್ ಪರ್ಸಿ ಕಲ್ಲಿನ ಚಪ್ಪಡಿಯೇ ನಮ್ಮ ರಣರಂಗವಾಯಿತು.

ಗೊಂಬೆ ಆರಿಸುವುದರಲ್ಲಿ ಅವರಿಗೆ ದನದ ಸಂತೆಯ ಬುದ್ಧಿ. ಫೋನಿನಲ್ಲಿ ಕಾಣುವ ಡಬ್ಬಿಯ ಮೇಲಿನ ಬಣ್ಣದ ಚಿತ್ರವನ್ನು ಕೈಯಿಂದ ಮುಚ್ಚಿಬಿಡುತ್ತಿದ್ದರು. ಕೋಡಿಗೆ ಬಣ್ಣ ಬಳಿದು, ಮೈಗೆ ಎಣ್ಣೆ ಸವರಿ ತಂದ ಎತ್ತಿನ ಬೆಲೆ ಕೇಳಬಾರದು ಎನ್ನುವುದು ಅವರ ವಾದ. ಬಣ್ಣವಿಲ್ಲದ ಬೂದು ಗೊಂಬೆಯ ಫೋಟೋ ಸಿಗುವವರೆಗೆ ಯಾವುದನ್ನೂ ತರಿಸಲು ಬಿಡುತ್ತಿರಲಿಲ್ಲ. ಎಲ್ಲ ಆಟಗಾರರೂ ಮುಗಿಬೀಳುವ ಭಯಂಕರ ರಾಕ್ಷಸ ಜೀವಗಳನ್ನು ಒಂದೇ ನೋಟಕ್ಕೆ ತಳ್ಳಿಹಾಕುತ್ತಿದ್ದರು. “ಬಾಯಿ ತುಂಬ ಹಲ್ಲು ಅವ, ದವಡಿಗಿ ಮಾಂಸ ಇಲ್ಲ. ಕಚ್ಚೂದು ಹ್ಯಾಂಗ?” ದಾಳದಲ್ಲಿ ಯಾವುದಕ್ಕೆ ಹೆಚ್ಚು ಬಲ ಎಂಬುದನ್ನು ಅವರು ಕೇಳುತ್ತಲೇ ಇರಲಿಲ್ಲ. ಗಟ್ಟಿ ಕಾಲಿನ, ಸಣ್ಣ ಬಾಯಿಯ, ಸಾಧು ಮುಖದ ಜೀವಗಳನ್ನೇ ಆರಿಸಿ ಸೈನ್ಯ ಕಟ್ಟಿದರು. ಹೀಗಾಗಿ ಪ್ರತಿ ಭಾನುವಾರ ಸೋಲುತ್ತಿದ್ದರು. ನಾನು ನಿರ್ದಾಕ್ಷಿಣ್ಯವಾಗಿ ಗೆಲ್ಲುತ್ತಿದ್ದೆ. “ಸೋಲಲಿ ಬಿಡ್ರಿ, ತಬಿಯತ್ ಚಲೋ ಅದ ಇವುಗಳದು” ಎನ್ನುತ್ತಾ ಸತ್ತವನ್ನು ಡಬ್ಬಿಗೆ ಹಾಕುತ್ತಿದ್ದರು.

ಬಣ್ಣದ ವಿಷಯದಲ್ಲಿ ನಾನು ಅವರಿಂದ ಕಲಿತದ್ದು ಒಂದೇ, ಆದರೆ ಅದರಿಂದ ಉಳಿದದ್ದೆಲ್ಲ ಬದಲಾಯಿತು. ನಾನು ಎಲ್ಲರ ಹಾಗೆ ಮೈಯಿಂದ ಶುರುಮಾಡುತ್ತಿದ್ದೆ: ಮೊದಲು ಚರ್ಮ, ಆಮೇಲೆ ಕವಚ, ಕೊನೆಗೆ ಬಾಯಿಗೆ ಒಂದು ಚುಕ್ಕೆ ಗುಲಾಬಿ. ಅವರು ನನ್ನ ಮೊದಲ ಗೊಂಬೆಯನ್ನು ನೋಡಿದವರೇ, “ಇದರ ರಕ್ತ ಕೆಂಪು ಅಂತ ನಿಮಗ್ಯಾರು ಹೇಳಿದ್ರು?” ಎಂದರು. ದನ ಬಂದರೆ ಅವರು ಮೊದಲು ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಗಿನ ಬಣ್ಣ ನೋಡುತ್ತಾರೆ, ನಂತರ ಒಸಡು. ರಕ್ತ ಹೇಗಿದೆ ಎಂದು ಅಲ್ಲಿ ಕಾಣುತ್ತದೆ. ಗೊಂಬೆಗೂ ಅದೇ ನಿಯಮ. ಮೊದಲು ರಕ್ತದ ಬಣ್ಣ ನಿಶ್ಚಯ. ಅದರ ಮೇಲೆ ರೆಪ್ಪೆಯ ಒಳಗು, ನಾಲಿಗೆ, ಗಾಯ, ಕೊನೆಗೆ ಮೈ. ಕಬ್ಬಿಣವಿದ್ದರೆ ರಕ್ತ ಕೆಂಪು, ಏಡಿಗಳಲ್ಲಿ ತಾಮ್ರವಿರುವುದರಿಂದ ನೀಲಿ ಎಂದು ನಾನು ಹೇಳಿದ ದಿನ ಅವರು ಕುಂಚ ಕೆಳಗಿಟ್ಟು, “ಖರೇನಾ?” ಎಂದು ಎರಡು ಸಲ ಕೇಳಿದರು. ಆ ವಾರ ಅವರ ಸೈನ್ಯಕ್ಕೆಲ್ಲ ನೀಲಿ ಒಸಡು ಬಂತು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಚಹಾ ತಂದಿಟ್ಟು ನಮ್ಮ ಮೇಜನ್ನೊಮ್ಮೆ ನೋಡಿ, “ಮನಿ ಗ್ವಾಡಿಗಿ ಬಣ್ಣ ಕಾಣ್ಸಿ ಎಂಟು ವರ್ಷ ಆತು. ಈ ದೆವ್ವಗೋಳಿಗಿ ಮೂರ್ ಮೂರ್ ಕೋಟ್ ಹಚ್ಚಾಕತ್ತಾರ” ಎಂದು ಒಳಗೆ ಹೋಗುತ್ತಿದ್ದರು. ಡಾಕ್ಟರು ಮುಂದಿನ ಕೋಟಿಗೆ ಕುಂಚ ಅದ್ದುತ್ತಿದ್ದರು.

ಹೈದರಾಬಾದಿನಲ್ಲಿ ಈ ಆಟದವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಾರೆ. ಬಣ್ಣ ಪೂರ್ತಿಯಾಗದ ಗೊಂಬೆಯನ್ನು ಅಲ್ಲಿ ಮೇಜಿಗೆ ಇಳಿಸುವಂತಿಲ್ಲ. ಒಂದು ವರ್ಷ ಜೋಡಿಯಾಗಿ ಹೋಗುವುದೆಂದು ನಾವು ನಿಶ್ಚಯಿಸಿದೆವು. ಎರಡು ವಾರ ಉಳಿದಿತ್ತು, ಇಪ್ಪತ್ತು ಗೊಂಬೆ ಬಾಕಿ. ನನಗಾಗ ವಾಡಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದರೆ ಏದುಸಿರು ಬರುತ್ತಿತ್ತು. ತಿಂಗಳ ಮುಟ್ಟು ಹದಿನೈದು ದಿನ ನಿಲ್ಲುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಪರೀಕ್ಷೆ, ಪೇಪರು, ಗೊಂಬೆ ಎಲ್ಲ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಿದ್ದೆ.

ಆ ಭಾನುವಾರ ಅವರು ಭೂತಗನ್ನಡಿಯ ದೀಪವನ್ನು ಗೊಂಬೆಯ ಮೇಲಿಂದ ತಿರುಗಿಸಿ ನನ್ನ ಮುಖಕ್ಕೆ ಹಿಡಿದರು. ತಾವು ಮುಟ್ಟಲಿಲ್ಲ. ಅಕ್ಕನನ್ನು ಕರೆದು, “ಮೇಡಂ ಅವರ ಕಣ್ಣಿನ ಕೆಳಗ ಜರಾ ಜಗ್ಗು” ಎಂದರು. ಅಕ್ಕ ಜಗ್ಗಿದರು. ಡಾಕ್ಟರು ಸ್ವಲ್ಪ ಹೊತ್ತು ನೋಡಿ ದೀಪ ಆರಿಸಿದರು.

“ಇಂಥಾ ಕಣ್ಣಿನ ಆಕಳ ಬಂದಿದ್ರ ನಾ ಮನಿಗಿ ಕಳಸ್ತಿದ್ದಿಲ್ಲ. ನಾಳಿ ಮುಂಜಾನಿ ಕಲಬುರ್ಗಿ ದವಾಖಾನಿಗಿ ಹೋಗ್ರಿ.”

“ನಾ ಏನು ಆಕಳೇನ್ರಿ ಸರ್?”

“ಆಕಳ ಆಗಿದ್ರ ಹೇಳಿದ್ದು ಕೇಳ್ತಿತ್ತು.”

ಹೈದರಾಬಾದ್ ಮುಗಿಸಿ ಹೋಗುತ್ತೇನೆ ಎಂದೆ. ಅವರು ಎದ್ದು ನನ್ನ ಇಪ್ಪತ್ತು ಗೊಂಬೆಗಳನ್ನೂ ಕುಂಚಗಳನ್ನೂ ಔಷಧದ ಕಪಾಟಿನಲ್ಲಿಟ್ಟು ಕೀಲಿ ಹಾಕಿಕೊಂಡರು. ನನಗೆ ಅಳುವಷ್ಟು ಸಿಟ್ಟು ಬಂತು. ಮರುದಿನ ಅಕ್ಕ ನನ್ನ ಜೊತೆ ರೈಲು ಹತ್ತಿದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದ ವೈದ್ಯೆ, ನೀವು ನಡೆದುಕೊಂಡು ಬಂದಿರಾ ಎಂದು ಕೇಳಿದರು. ನಾಲ್ಕು ಬಾಟಲಿ ರಕ್ತ ಕೊಟ್ಟು, ಗರ್ಭಕೋಶದ ಗಡ್ಡೆ ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಯಾವುದಾದರೂ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಿರುತ್ತಿದ್ದಿರಿ ಎಂದರು. ಹೈದರಾಬಾದಿನ ಕೂಟ ನಾವಿಬ್ಬರೂ ಇಲ್ಲದೆ ನಡೆಯಿತು.

ಇದಾಗಿ ಎರಡು ವರ್ಷಕ್ಕೆ ನಾವು ಹೊಸ ಸೈನ್ಯವೊಂದನ್ನು ಹಿಡಿದಿದ್ದೆವು. ಬಿಸಿಲಿನ ಗ್ರಹದ, ಉದ್ದ ಕತ್ತಿನ ಜೀವಗಳು. ಕೆಂಪು, ನೀಲಿ ಎರಡೂ ಬೇಡ, ಇವಕ್ಕೆ ಹಳದಿ ರಕ್ತ ಎಂದು ತೀರ್ಮಾನವಾಗಿತ್ತು. ಆದರೆ ಕೆಳರೆಪ್ಪೆಗೆ ನಾನು ಕಲಸಿದ ಹಳದಿಯೆಲ್ಲ ಬರೀ ಪೇಂಟಿನಂತೆ ಕಾಣುತ್ತಿತ್ತು. ಅವರು ಪ್ರತಿ ಸಲ ತಲೆಯಾಡಿಸುತ್ತಿದ್ದರು. “ಜೀವ ಇಲ್ರಿ ಇದರಾಗ.” ಮೂರು ಭಾನುವಾರ ಹೀಗೇ ಹೋಯಿತು.

ನಾಲ್ಕನೆಯ ಭಾನುವಾರ ಮುಂಜಾನೆ ಅವರು ವರಾಂಡದ ಅಂಚಿಗೆ ಕುಳಿತು ರಸ್ತೆಯತ್ತ ನೋಡುತ್ತಿದ್ದರು. ಪಕ್ಕದಿಂದ ಬಿಸಿಲು ಬಿದ್ದಿತ್ತು. ಅವರ ಕಣ್ಣಿನ ಬಿಳಿಯ ಭಾಗ ಬಿಳಿಯಾಗಿರಲಿಲ್ಲ. ಅರಿಶಿನ ಹಾಕಿದ ಹಾಲಿನ ಬಣ್ಣ, ಅಡಿಯಲ್ಲಿ ತುಸು ಹಸಿರು. ನಾನು ಹುಡುಕುತ್ತಿದ್ದ ಬಣ್ಣ ಅದೇ. ಮೊದಲು ನನಗಾದದ್ದು ಖುಷಿ, ಅದನ್ನು ಮುಚ್ಚಿಡುವುದಿಲ್ಲ. ಮರೆಯುವ ಮುಂಚೆ ಎಂದು ಅವಸರದಲ್ಲಿ ಹಳದಿಗೆ ಬಿಳಿ ಬೆರೆಸಿ, ಒಂದು ಹನಿ ಹಸಿರು ಬಿಟ್ಟು, ಗೊಂಬೆಯ ರೆಪ್ಪೆಗೆ ಎಳೆದೆ.

ಅವರು ಗೊಂಬೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದಾ ನೋಡ್ರಿ ಬಣ್ಣ! ಎಲ್ಲಿ ಸಿಕ್ತರಿ ಮೇಡಂ?”

“ಸಿಕ್ತರಿ ಸರ್” ಎಂದು ನಕ್ಕೆ.

ಅಂದು ಅವರ ಮನೆಯ ಗೇಟು ದಾಟಿ ಹೊರಟಾಗಲೇ ಅನುಮಾನ ಬಂದಿತ್ತು. ನಾನು ವಿಜ್ಞಾನದ ಮೇಡಂ, ಕಾಮಾಲೆಯನ್ನು ಪಾಠದಲ್ಲಿ ಹೇಳುವವಳು. ಆದರೆ ಅವರೇ ಡಾಕ್ಟರು, ತಮ್ಮ ಕಣ್ಣು ಅವರಿಗೆ ಗೊತ್ತಿರದೇ ಎಂದುಕೊಂಡೆ. ಡಾಕ್ಟರಿಗೆ ರೋಗ ಹೇಳಲು ಸಂಕೋಚವೂ ಆಯಿತು. ಮುಂದಿನ ಭಾನುವಾರಗಳಲ್ಲಿ ಅವರು ಮೊಣಕೈ ತುರಿಸಿಕೊಳ್ಳುವುದನ್ನು ನೋಡಿದೆ, ಚಹಾ ಅರ್ಧ ಬಿಡುವುದನ್ನು ನೋಡಿದೆ. ಸೈನ್ಯ ಮುಗಿಸುವ ಉಮೇದಿನಲ್ಲಿ ಇಬ್ಬರೂ ಮುಳುಗಿದ್ದೆವು. ಒಂದು ತಿಂಗಳು ಕಳೆದು, ಚಿಂಚೋಳಿಯಿಂದ ಬಂದ ಅಕ್ಕನ ತಮ್ಮ ಮನೆಯೊಳಗೆ ಕಾಲಿಟ್ಟ ಕೂಡಲೇ, “ಮಾಮಾ, ಕಣ್ಣು ಎಷ್ಟು ಹಳದಿ ಆಗ್ಯಾವ ನಿಮ್ಮವು!” ಎಂದನಂತೆ. ಅವನು ಕಿರಾಣಿ ಅಂಗಡಿ ಇಟ್ಟವನು.

ಹೈದರಾಬಾದಿನ ಆಸ್ಪತ್ರೆಗೆ ನಾನು ಹೋದಾಗ ದಿಂಬಿಗೆ ಒರಗಿದ್ದರು. “ಕುಂದ್ರಿ ಮೇಡಂ” ಎಂದರು. ಪಿತ್ತನಾಳದ ಹತ್ತಿರ ಗಡ್ಡೆ ಎಂದು ಅಕ್ಕ ಹೊರಗೆ ಹೇಳಿದ್ದರು. ನಾನು ಶಾಲೆಯ ಸುದ್ದಿ ಹೇಳುತ್ತಾ ಹೋದೆ. ಅವರು ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ನಕ್ಕರು.

“ಆ ಹಳದಿ ಎಲ್ಲಿ ಸಿಕ್ಕಿತ್ತಂತ ಈಗ ತಿಳೀತು ನೋಡ್ರಿ.”

ನಾನು ನೀರಿನ ಲೋಟ ಸರಿಸಿಟ್ಟೆ.

“ಕಂಡಿತ್ತಲ್ಲ ನಿಮಗ?”

“ಕಂಡಿತ್ರಿ ಸರ್.”

“ಹೇಳಬೇಕಿತ್ತಲ್ರಿ.”

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಡವಾಗಿ ದನ ಹೊಡೆದುಕೊಂಡು ಬಂದ ರೈತನಿಗೆ ಹೇಳುವ ಧ್ವನಿ ಅದು. ಆಮೇಲೆ ನೀರು ಕೇಳಿದರು, ಕೊಟ್ಟೆ.

ಎರಡು ತಿಂಗಳಿಗೆ ತೀರಿಕೊಂಡರು. ಮೊದಲೇ ಬಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಅಲ್ಲಿನ ವೈದ್ಯರನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ, ಇವತ್ತಿಗೂ ಕೇಳಿಲ್ಲ. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ. ಡಾಕ್ಟರು ನನ್ನ ಕಣ್ಣು ನೋಡಿದರು, ಹೇಳಿದರು, ನಾನು ಬದುಕಿದೆ. ಅವರ ಕಣ್ಣು ನೋಡಿ ನಾನು ಬಣ್ಣ ಕಲಸಿದೆ.